ನೀರಿನ ಕೆಳಗಿನ ಗೋಡೆ

“ಎರಡು ಜೊತೆ ಕಾಲುಚೀಲ ಹಾಕ್ಕೋ. ಕೆಳಗೆ ಇವತ್ತು ಜಾಸ್ತಿ ತಣ್ಣಗಿರತ್ತೆ.”

ನಿಕಾನೋರ್ ಹೇಳಿದ್ದು ಇಷ್ಟೇ. ಹೇಳಿ, ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, ಕಡಲಿಗೆ ಚಾಚಿದ ಕಲ್ಲುಕಟ್ಟೆಯ ತುದಿಯಲ್ಲಿ ಕಟ್ಟಿದ್ದ ಚಪ್ಪಟೆ ಬಾರ್ಜಿನ ಕಡೆಗೆ ಹಿಂತಿರುಗಿ ನೋಡದೆ ನಡೆದುಬಿಟ್ಟ. ಮುಳುಗುಗಾರ ಕಾಸಿಯಾನೊ ಮಾತ್ರ ಆ ಮಾತನ್ನು ಬಾಯಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಹೊರಳಿಸುತ್ತ ಅಲ್ಲೇ ನಿಂತ. ಎಷ್ಟು ವರ್ಷಗಳಿಂದ ಈ ಮನುಷ್ಯ ತನ್ನ ಉಸಿರಿನ ಹಗ್ಗವನ್ನು ಹಿಡಿದಿದ್ದಾನೆ! ಬೆಳಿಗ್ಗೆ ಒಂದು ತಲೆದೂಗು, ಸಂಜೆ ಒಂದು ತಲೆದೂಗು. ನಡುವೆ ಹಗ್ಗದ ಜಗ್ಗುಗಳು. ಅದರಾಚೆಗೆ ಒಂದು ಮಾತಿಲ್ಲ. ಇವತ್ತು ಕಟ್ಟೆಯ ಕಡಲ ತುದಿಯ ತಲೆಗೆ ತಳಪಾಯದ ಕೊನೆಯ ಕಲ್ಲು ಇಳಿಯುವ ದಿನವೇ ಈ ಕಾಲುಚೀಲದ ಕಾಳಜಿ ಯಾಕೆ? ಕಾಳಜಿಯೋ, ಎಚ್ಚರಿಕೆಯೋ? ಕೆಳಗೆ ಬಹಳ ಹೊತ್ತು ಇರಬೇಕಾಗಬಹುದು ಎಂಬ ಸೂಚನೆಯೋ? ಕೈಯಲ್ಲಿದ್ದ ಮಾಟೆ ಎಲೆಯ ಕಹಿ ಕಷಾಯ ಆರಿಹೋಗಿತ್ತು. ಅದನ್ನು ನೀರಿಗೆ ಚೆಲ್ಲಿ ಸೋರೆಬುರುಡೆಯ ಬಟ್ಟಲನ್ನು ಜೇಬಿಗೆ ತುರುಕಿಕೊಂಡ. ಚೀಲದಲ್ಲಿ ಇನ್ನೊಂದು ಜೊತೆ ಉಣ್ಣೆಯ ಕಾಲುಚೀಲವಿತ್ತು. ತಾನು ಉಳಿದಿರುವ ವಸತಿಮನೆಯ ಯಜಮಾನಿ ದೋನ್ಯಾ ಪಾಲ್ಮಿರಾ ತೂತು ಹೊಲಿದು ಮಡಚಿಟ್ಟದ್ದು. ಅದನ್ನು ಮುಟ್ಟಿ ನೋಡಿದ. ಹಾಕಿಕೊಳ್ಳಲಿಲ್ಲ. ನಿಕಾನೋರನ ಮಾತು ಕೇಳಿದಂತಾಗುತ್ತದೆ ಎಂಬ ಕಾರಣಕ್ಕೆ ಹಾಕಿಕೊಳ್ಳಲಿಲ್ಲ. ಇಂಥ ಕಾರಣಕ್ಕೆ ಚಳಿಯಲ್ಲಿ ಸಾಯುವವನು ಎಂಥ ಮೂರ್ಖ ಎಂದು ತನ್ನನ್ನೇ ಬೈದುಕೊಂಡ.

ಬಾರ್ಜಿನ ಮೇಲೆ ಮೇಸ್ತ್ರಿ ದೋನ್ ಅಕೀಲೆಸ್ ಆಗ್ನೇಯ ದಿಕ್ಕಿಗೆ ಮೂಗು ಮಾಡಿ ಗಾಳಿಯ ವಾಸನೆ ಹಿಡಿಯುತ್ತಿದ್ದರು. ಆ ಕಡೆ ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. “ಸಂಜೆಯೊಳಗೆ ಗಾಳಿ ಎದ್ದೇ ಏಳತ್ತೆ. ಕಲ್ಲು ಮಧ್ಯಾಹ್ನದೊಳಗೆ ಕೂತಿರಬೇಕು. ಭಾನುವಾರ ಎಂಜಿನಿಯರ್ ಸಾಹೇಬ್ರು ಮೊಂತೆವಿದೆಯೊದಿಂದ ಬರ್ತಾರೆ, ಅವರ ಹೆಂಡತಿ ಛತ್ರಿ ಹಿಡ್ಕೊಂಡು ಕಟ್ಟೆ ಮೇಲೆ ನಡೀಬೇಕಂತೆ,” ಎಂದರು. ಕ್ರೇನಿನ ಸುನೀನೊ ಮೇಲಿನಿಂದಲೇ, “ಛತ್ರಿ ಹಾರಿಹೋದ್ರೆ ಕಾಸಿಯಾನೊ ಕೆಳಗಿಂದ ಹಿಡ್ಕೊಡ್ತಾನೆ ಬಿಡಿ,” ಎಂದ. ಎಲ್ಲರೂ ನಕ್ಕರು. ನಿಕಾನೋರ್ ನಗಲಿಲ್ಲ, ಹಗ್ಗವನ್ನು ಒಂದೊಂದು ಮಾರು ಬೆರಳಲ್ಲಿ ಒತ್ತಿ ನೋಡುತ್ತಿದ್ದ. ಇಬ್ಬರು ಸೇರಿ ಕಾಸಿಯಾನೊನನ್ನು ರಬ್ಬರಿನ ದಪ್ಪ ಅಂಗಿಯೊಳಗೆ ತೂರಿಸಿದರು, ಎದೆಗೂ ಬೆನ್ನಿಗೂ ಸೀಸದ ತುಂಡು ಕಟ್ಟಿದರು, ಸೀಸದ ಅಟ್ಟೆಯ ಬೂಟು ತೊಡಿಸಿದರು. ತಾಮ್ರದ ಶಿರಸ್ತ್ರಾಣವನ್ನು ತಿರುಗಿಸಿ ಕೂರಿಸುವ ಕೆಲಸ ಯಾವತ್ತೂ ನಿಕಾನೋರನದೇ. ಅವನ ಮುಖ ಒಂದು ಗೇಣು ದೂರದಲ್ಲಿತ್ತು. ಬಿಳಿಯಾಗುತ್ತಿದ್ದ ಮೀಸೆ, ಒಡೆದ ತುಟಿ, ತನ್ನನ್ನು ನೋಡದ ಕಣ್ಣು. ಮುಂದಿನ ಗಾಜನ್ನು ಬಿಗಿದ ಮೇಲೆ ಲೋಕದ ಸದ್ದೆಲ್ಲ ನಿಂತು, ಪಂಪಿನ ಏದುಸಿರು ಮಾತ್ರ ಉಳಿಯಿತು. ಆ ಗಾಳಿಯ ಜೊತೆಗೆ ಎಣ್ಣೆಯ ವಾಸನೆ, ರಬ್ಬರಿನ ವಾಸನೆ, ಪಂಪು ತಿರುಗಿಸುವವರು ಬೆಳಿಗ್ಗೆ ತಿಂದ ಕರಿದ ರೊಟ್ಟಿಯ ಜಿಡ್ಡಿನ ವಾಸನೆ. ಲೋಕ ಅವನಿಗೆ ತಲುಪುತ್ತಿದ್ದದ್ದು ಇಷ್ಟೇ, ಒಂದು ಕೊಳವೆಯಗಲ.

ಏಣಿಯಿಂದ ಕೈ ಬಿಟ್ಟ. ಹಸಿರು ಕತ್ತಲೆ ಮೊಣಕಾಲು, ಸೊಂಟ, ಗಾಜು ದಾಟಿ ಮೇಲೇರಿತು. ಪಕ್ಕದಲ್ಲೇ ಗೋಡೆ ಇಳಿಯುತ್ತಿತ್ತು. ಸಾಂತಾ ಬ್ರಿಹಿದಾ ಊರಿನ ಹಿಂದಿದ್ದ ಗುಡ್ಡ ವರ್ಷ ವರ್ಷ ಸವೆದು ಈ ಗೋಡೆಯಾಗಿತ್ತು. ಕೆಂಪು ಬೆರೆತ ಬೂದಿ ಬಣ್ಣದ ಗ್ರಾನೈಟು, ಒಂದೊಂದು ಕಲ್ಲೂ ಒಂದು ಗಾಡಿ ಕುದುರೆಯಷ್ಟು ಗಾತ್ರ. ಸುಣ್ಣವಿಲ್ಲ, ಗಾರೆಯಿಲ್ಲ. ಮೊದಲು ಒರಟು ಕಲ್ಲು ಸುರಿದು ಹಾಸು ಮಾಡಬೇಕು. ಅದನ್ನು ಕೈಯಲ್ಲಿ ತಡವಿ, ಗುಂಡಿಗೆ ಚೂರುಗಲ್ಲು ತುಂಬಿ ಮಟ್ಟ ಮಾಡಬೇಕು. ಅದರ ಮೇಲೆ ಕೆತ್ತಿದ ಕಲ್ಲುಗಳನ್ನು ದಡದ ಕಡೆಗೆ ತುಸು ಒರಗಿಸಿ ಕೂರಿಸುತ್ತ ಬರಬೇಕು, ಸಾಲಿನಲ್ಲಿ ನಿಂತವರು ಹಿಂದಿನವನ ಎದೆಗೆ ಒರಗಿದ ಹಾಗೆ. ಹಾಗೆ ಒರಗಿದ್ದರೆ ಅಲೆ ಬಡಿದಷ್ಟೂ ಗೋಡೆ ಬಿಗಿಯಾಗುತ್ತದೆ. ಉದ್ದಗಲ್ಲು, ಅಡ್ಡಗಲ್ಲು, ಮತ್ತೆ ಉದ್ದಗಲ್ಲು. ಕಾಸಿಯಾನೊ ಇಳಿಯುತ್ತ ಅಭ್ಯಾಸದಂತೆ ಸಂದುಗಳ ಮೇಲೆ ಬೆರಳಾಡಿಸಿದ. ಇಲ್ಲಿ ಕಣ್ಣಿಗೆ ಕೆಲಸ ಕಡಿಮೆ. ದಡದ ಹತ್ತಿರದ ಕಲ್ಲುಗಳು ನಿಕಾನೋರ್ ಕೂರಿಸಿದ್ದು. ಆಗ ಮುಳುಗುವವನು ಅವನು, ಹಗ್ಗ ಹಿಡಿಯುವವನು ತಾನು.

ಒಂದು ಜಗ್ಗು ಎಂದರೆ ಕ್ಷೇಮ. ಅದೇ ಮೇಲಿನಿಂದ ಬಂದರೆ ಕ್ಷೇಮವೇ ಎಂಬ ಪ್ರಶ್ನೆ. ಎರಡು ಎಂದರೆ ಸರಪಳಿ ಆಡಿಸಿ; ಏರಿಸುವುದೋ ಇಳಿಸುವುದೋ ಆ ಹೊತ್ತಿನ ಕೆಲಸವೇ ಹೇಳುತ್ತದೆ. ಮೂರು ಎಂದರೆ ಕಲ್ಲು ಕೂತಿತು. ನಾಲ್ಕು ಎಂದರೆ ನನ್ನನ್ನು ಎಳೆದುಕೊಳ್ಳಿ. ನಿಕಾನೋರ್ ಕೊನೆಯ ಸಲ ಇಳಿದ ಆ ದಿನ ಕಾಸಿಯಾನೊನ ಅಂಗೈಗೆ ನಾಲ್ಕು ಜಗ್ಗುಗಳು ಬಂದವು. ಬಂದದ್ದು ಗೊತ್ತಾಯಿತು. ಗೊತ್ತಾದ ಮೇಲೆ ಕೈ ಸುಮ್ಮನಿತ್ತು. ಎಷ್ಟು ಹೊತ್ತು? ಒಂದು ಉಸಿರು ಎಳೆದು ಬಿಡುವಷ್ಟು, ಅಥವಾ ಎರಡು. ಎದುರಿಗೆ ಒಂದು ಕಡಲಕಾಗೆ ಮೀನಿನ ತಲೆಗಾಗಿ ಇನ್ನೊಂದರ ಜೊತೆ ಜಗಳವಾಡುತ್ತಿತ್ತು, ತಾನು ಅದನ್ನು ನೋಡುತ್ತಿದ್ದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಆದರೆ ಕಾಗೆಯನ್ನು ನೋಡುತ್ತಿದ್ದ ಆ ಮನುಷ್ಯನ ಒಳಗೆ, ಮುಳುಗುಗಾರನ ಅಂಗಿ ತನಗೂ ಸರಿಯಾಗಿ ಹಿಡಿಸುತ್ತದೆ ಎಂಬ ಒಂದು ಯೋಚನೆ ಕೂತಿರಲಿಲ್ಲವೇ? ಕೊಳವೆ ಮಡಚಿಕೊಂಡು ಗಾಳಿ ನಿಂತಿದ್ದ ನಿಕಾನೋರನನ್ನು ಎಳೆದು ಹಾಕಿದಾಗ ಅವನ ತುಟಿ ನೀಲಿಯಾಗಿತ್ತು. ಎಲ್ಲರೆದುರು ವಾಂತಿ ಮಾಡಿದ, ಮಗುವಿನಂತೆ ಅತ್ತ. ಮತ್ತೆಂದೂ ಇಳಿಯುವುದಿಲ್ಲ ಎಂದ. ಸಂಜೆ ಹೆಂಡದಂಗಡಿಯಲ್ಲಿ ಸುನೀನೊ ಅವನ ನಡುಕವನ್ನು ಅಣಕಿಸಿ ತೋರಿಸುವಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಕಾಸಿಯಾನೊ. ವಾರ ಕಳೆಯುವುದರೊಳಗೆ ಅಂಗಿ ಅವನ ಮೈಮೇಲಿತ್ತು, ಹಗ್ಗ ನಿಕಾನೋರನ ಕೈಯಲ್ಲಿತ್ತು. ಆ ತಡವನ್ನು ನಿಕಾನೋರ್ ತಿಳಿದಿದ್ದಾನೋ ಇಲ್ಲವೋ ಎಂಬುದು ಮಾತ್ರ ಇವತ್ತಿಗೂ ತಿಳಿಯದು. ಉಸಿರಿಲ್ಲದವನಿಗೆ ಒಂದು ಕ್ಷಣವೂ ಯುಗ. ಅವನು ಎಲ್ಲವನ್ನೂ ತಡ ಎಂದೇ ಭಾವಿಸಿರಬಹುದು. ಅಥವಾ ಆ ತಡವನ್ನು ಅಳೆದು, ತೂಗಿ, ಎಲ್ಲೋ ಒಂದು ಕಡೆ ಭದ್ರವಾಗಿಟ್ಟುಕೊಂಡಿರಬಹುದು.

ಕಲ್ಲು ಇಳಿಯಿತು. ಮೊದಲು ಬೆಳಕು ಕಡಿಮೆಯಾದದ್ದು ಗೊತ್ತಾಯಿತು, ಆಮೇಲೆ ಸರಪಳಿಯ ಕಿರುಗುಟ್ಟುವ ಸದ್ದು. ಕಟ್ಟೆಯ ತಲೆಯ ಕಲ್ಲುಗಳಿಗೆ ಪಾರಿವಾಳದ ಬಾಲದಂತೆ ಕಚ್ಚು ಕೆತ್ತಿರುತ್ತಾರೆ; ಒಂದರ ಬಾಲ ಇನ್ನೊಂದರ ಹೊಟ್ಟೆಯೊಳಗೆ ಮೇಲಿನಿಂದಲೇ ಜಾರಿ ಕೂರಬೇಕು. ಅವನು ಎರಡೂ ಅಂಗೈ ಕಲ್ಲಿನ ಮೈಗೆ ಒತ್ತಿ, ಹಟಮಾರಿ ಎತ್ತನ್ನು ಕೊಟ್ಟಿಗೆಗೆ ಹೊಗಿಸುವಂತೆ ತಿರುಗಿಸಿದ. ಕಲ್ಲು ಗೊಣಗಿತು, ಒಪ್ಪಿತು, ಇಳಿಯಿತು. ಈ ಹೊತ್ತಿನಲ್ಲಿ ಅವನಿಗೆ ಯಾವಾಗಲೂ ಒಂದು ಸುಖವಿರುತ್ತಿತ್ತು, ಯಾರಿಗೂ ಹೇಳಿಕೊಳ್ಳಲಾಗದ ಸುಖ. ಮೇಲೆ ಏರಿ, ಕಲ್ಲಿನ ನೆತ್ತಿಯ ಕಬ್ಬಿಣದ ಬಳೆಯಿಂದ ಸರಪಳಿಯ ಕೊಕ್ಕೆ ಬಿಡಿಸಿ, ಎರಡು ಜಗ್ಗು ಕೊಟ್ಟ. ಸರಪಳಿ ಮೇಲೆ ಹೋಯಿತು. ಇಳಿದು, ಕೊನೆಯ ಸಂದನ್ನು ತಡವಿ ನೋಡಲು ಬಗ್ಗಿದಾಗ ಕೆಳಗಿನ ಹಾಸಿನಲ್ಲಿ ಎಲ್ಲೋ ಒಂದು ಒರಟು ಕಲ್ಲು ಹಲ್ಲು ಕಡಿದಂತೆ ಸದ್ದು ಮಾಡಿತು. ಅಷ್ಟು ದೊಡ್ಡ ಕಲ್ಲು, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರಂತೆ, ಒಂದು ಗೇಣು ಜರುಗಿತು. ಎಡಗಾಲು ಹೊಸ ಕಲ್ಲಿಗೂ ಹಳೆಯ ಕಲ್ಲಿಗೂ ನಡುವೆ ಸಿಕ್ಕಿತು. ಕೂಗಿದ. ಕೂಗು ತಾಮ್ರದೊಳಗೇ ಸುತ್ತಿ ಅವನ ಕಿವಿಗೇ ಬಡಿಯಿತು.

ಎಳೆದ, ಬರಲಿಲ್ಲ. ಬಗ್ಗಿ ಬೂಟಿನ ಪಟ್ಟಿ ಬಿಚ್ಚಲು ನೋಡಿದ, ಪಟ್ಟಿಯೇ ಸಂದಿಯೊಳಗಿತ್ತು. ನೆತ್ತಿಯ ಬಳೆ ಕೈಗೆಟುಕುವುದಿಲ್ಲ. ಸಿಕ್ಕಿದರೂ ಸರಪಳಿ ಮೇಲೆ ಹೋಗಿಯಾಗಿದೆ. ಈಗ ಹಗ್ಗ ಜಗ್ಗಬೇಕು. ಏನೆಂದು ಜಗ್ಗುವುದು? ನಾಲ್ಕು ಕೊಟ್ಟರೆ ಎಳೆಯುತ್ತಾರೆ. ಎಳೆದರೆ ಕಾಲು ಇಲ್ಲೇ ಉಳಿಯುತ್ತದೆ, ಇಲ್ಲವೇ ಅಂಗಿ ಹರಿದು ನೀರು ನುಗ್ಗುತ್ತದೆ. ಕಾಲು ಸಿಕ್ಕಿದೆ ಎಂಬುದಕ್ಕೆ ಇವರ ಹಗ್ಗದ ಭಾಷೆಯಲ್ಲಿ ಮಾತೇ ಇಲ್ಲ. ಇದು ಕಾರಣ ಎಂದು ಅವನು ಅಂದುಕೊಂಡ. ಆದರೆ ಇನ್ನೊಂದು ಕಾರಣ ಅದರ ಹಿಂದೆ ಬಾಗಿಲ ಸಂದಿಯಲ್ಲಿ ನಿಂತವನಂತೆ ನಿಂತಿತ್ತು. ತಾನೂ ಹಗ್ಗವನ್ನು ಹುಚ್ಚನಂತೆ ಜಗ್ಗಿ, ನೀಲಿ ತುಟಿಯಲ್ಲಿ ಮೇಲೆ ಬಂದು ಎಲ್ಲರೆದುರು ಅಳುವುದೇ? ಸುನೀನೊ ಸಂಜೆ ತನ್ನ ನಡುಕವನ್ನು ಆಡಿ ತೋರಿಸುವುದೇ? ಅದಕ್ಕಿಂತ ಕೆಟ್ಟದ್ದು, ಜಗ್ಗಿದ ಮೇಲೂ ಮೇಲಿನ ಕೈ ಸುಮ್ಮನಿದ್ದರೆ? ಆಗ ಎಲ್ಲ ಗೊತ್ತಾದಂತಾಯಿತು. ಜಗ್ಗದಿದ್ದರೆ ಗೊತ್ತಾಗದೆಯೇ ಉಳಿಯುತ್ತದೆ. ಚಳಿ ಪಾದದಿಂದ ಮೇಲೇರತೊಡಗಿತು. ನೋವು ಈಗ ಬೇರೆ ಯಾರದೋ ಮನೆಯಲ್ಲಿ ಅಳುತ್ತಿರುವ ಮಗುವಿನಂತೆ ದೂರವಿತ್ತು. ತನ್ನ ಕೋಣೆ ನೆನಪಾಯಿತು: ಒಂದು ಮಂಚ, ಒಂದು ಕುರ್ಚಿ, ಕುರ್ಚಿಯ ಮೇಲೆ ಯಾವತ್ತೂ ಯಾರೂ ಕೂರದೆ ಅವನ ಬಟ್ಟೆಗಳೇ ಕೂರುತ್ತಿದ್ದವು.

ಹಗ್ಗ ಒಮ್ಮೆ ಜಗ್ಗಿತು. ಕ್ಷೇಮವೇ?

ಕಾಸಿಯಾನೊ ಒಮ್ಮೆ ಜಗ್ಗಿದ. ಕ್ಷೇಮ.

ಸ್ವಲ್ಪ ಹೊತ್ತಾಯಿತು. ಮತ್ತೆ ಒಂದು ಜಗ್ಗು. ಮತ್ತೆ ಅದೇ ಸುಳ್ಳನ್ನು ಕಳಿಸಿದ. ಮೂರನೆಯ ಸಲ ಪ್ರಶ್ನೆ ಬಂದಾಗ ಅವನ ಕೈ ಏಳಲಿಲ್ಲ. ಆಗ ಹಗ್ಗ ಜಗ್ಗಲಿಲ್ಲ. ನಿಧಾನವಾಗಿ, ಬಹಳ ನಿಧಾನವಾಗಿ ಬಿಗಿಯಾಯಿತು. ಜ್ವರದ ಹಣೆಯ ಮೇಲೆ ಕೈಯಿಟ್ಟು ನೋಡುವಂತೆ ಯಾರೋ ಮೇಲಿನಿಂದ ಅವನ ಭಾರವನ್ನು ಮುಟ್ಟಿ ನೋಡುತ್ತಿದ್ದರು. ಸಡಿಲವಾಗಿ ನಿಂತ ಮನುಷ್ಯನ ಭಾರ ಒಂದು ಬಗೆ, ಸಿಕ್ಕಿಬಿದ್ದವನ ಭಾರ ಇನ್ನೊಂದು ಬಗೆ. ಹಗ್ಗ ಸಡಿಲಾಯಿತು. ಆಮೇಲೆ ಏನೂ ಇಲ್ಲ. ಪಂಪಿನ ಉಸಿರು ಮಾತ್ರ ಬರುತ್ತಿತ್ತು. ಗೊತ್ತಾಗಿದೆ ಅವನಿಗೆ, ಎಂದುಕೊಂಡ ಕಾಸಿಯಾನೊ. ಗೊತ್ತಾಗಿ ಸುಮ್ಮನಿದ್ದಾನೆ. ಆ ಯೋಚನೆಯಲ್ಲಿ ಭಯಕ್ಕಿಂತ ಹೆಚ್ಚಾಗಿ ಒಂದು ವಿಚಿತ್ರ ನೆಮ್ಮದಿ ಇತ್ತು. ಕಣ್ಣು ಮುಚ್ಚಿದ.

ತೆರೆದಾಗ ಮೇಲಿನ ಹಸಿರಿನಲ್ಲಿ ಒಂದು ಕಪ್ಪು ಆಕಾರ ಇಳಿಯುತ್ತಿತ್ತು. ಮೊದಲು ಸೀಸದ ಅಟ್ಟೆಗಳು, ಆಮೇಲೆ ಮೊಣಕಾಲು ತೇಪೆ ಹಾಕಿದ ಹಳೆಯ ರಬ್ಬರು ಅಂಗಿ. ಬಾರ್ಜಿನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಅಂಗಿ ಅದು. ಊರಿನಲ್ಲಿ ಅದನ್ನು ತೊಡಬಲ್ಲವನು ಇನ್ನೊಬ್ಬನೇ. ಅವನು ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತ. ಅಲ್ಲಿಂದ ಕೈ ಬಿಡಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಆಮೇಲೆ ಬಿಟ್ಟ. ಹತ್ತಿರ ಬಂದು ತನ್ನ ತಾಮ್ರದ ತಲೆಯನ್ನು ಕಾಸಿಯಾನೊನ ತಾಮ್ರದ ತಲೆಗೆ ಒತ್ತಿ ಹಿಡಿದ. ಹಾಗೆ ಒತ್ತಿದರೆ ಲೋಹದ ಮೂಲಕ ಮಾತು ಕೇಳುತ್ತದೆ.

“ಕೇಳಿಸ್ತಿದ್ಯಾ?”

“ಕೇಳಿಸ್ತಿದೆ.”

“ಯಾವ ಕಾಲು?”

“ಎಡಗಾಲು. ಸಂದೀಲಿದೆ.”

“ಮುರಿದಿದ್ಯಾ?”

“ಗೊತ್ತಾಗ್ತಿಲ್ಲ. ಮರಗಟ್ಟಿದೆ.”

“ಎರಡು ಜೊತೆ ಹಾಕ್ಕೊಂಡಿದೀಯಾ?”

“ಇಲ್ಲ. ಒಂದೇ.”

“ಕತ್ತೆ,” ಎಂದ ನಿಕಾನೋರ್. ಬಾವಿಯ ತಳದಿಂದ ಬಂದಂತಿತ್ತು ದನಿ. “ಕ್ರೇನಿಗೆ ಹೇಳಿದೀನಿ. ಸರಪಳಿ ಬರತ್ತೆ, ಕೊಕ್ಕೆ ಹಾಕ್ತೀನಿ, ಒಂದು ಚೂರು ಎತ್ತಿಸ್ತೀನಿ. ಕಾಸಿಯಾನೊ, ನನ್ನ ಕೈ ನಿಲ್ತಿಲ್ಲ. ಸರಪಳಿ ಬರೋ ತನಕ ಮಾತಾಡ್ತಾ ಇರು.”

“ಏನು ಮಾತಾಡ್ಲಿ?”

“ಏನಾದ್ರೂ. ಸುಮ್ನಾಗಬೇಡ.”

ಎರಡು ಗಾಜಿನಾಚೆ ಆ ಮುಖ ಕಾಣುತ್ತಿರಲಿಲ್ಲ, ಉಸಿರಿನ ಮಂಜು ಮಾತ್ರ. ಹೇಳುವುದಾದರೆ ಈಗ ಹೇಳಬೇಕು ಎನಿಸಿತು ಕಾಸಿಯಾನೊಗೆ. “ನಿಕಾನೋರ್, ಆವತ್ತು ಹಗ್ಗ ನನ್ನ ಕೈಲಿದ್ದಾಗ—”

“ಅದು ಬೇಡ.”

“ಕೇಳು—”

“ಅದು ನಂಗೊತ್ತು. ಬೇರೆ ಏನಾದ್ರೂ ಹೇಳು. ಊಟದ ವಿಷಯ ಹೇಳು.”

ಅದು ನನಗೆ ಗೊತ್ತು. ಇಷ್ಟು ವರ್ಷ ಹೊತ್ತ ಮೂಟೆಯನ್ನು ಇಳಿಸಲು ಹೋದವನಿಗೆ ಜಾಗವಿಲ್ಲ ಎಂದಂತಾಯಿತು. ಗೊತ್ತಿದ್ದೂ ದಿನಾ ಬೆಳಿಗ್ಗೆ ಇವನೇ ಗಾಜು ಬಿಗಿದದ್ದು, ಇವನೇ ಒಂದೊಂದು ಮಾರು ಹಗ್ಗವನ್ನು ಒತ್ತಿ ನೋಡಿದ್ದು. ಕಾಸಿಯಾನೊ ಊಟದ ವಿಷಯ ಹೇಳತೊಡಗಿದ. “ಪಾಲ್ಮಿರಾ ಗುರುವಾರ ಬೋಟಿ ಸಾರು ಮಾಡ್ತಾಳೆ. ಬಿಳಿ ಬೀನ್ಸ್ ಕಾಳು ಹಾಕಿ. ಬೋಟಿ ಸರಿಯಾಗಿ ತೊಳೆಯಲ್ಲ, ವಾಸನೆ ಬರತ್ತೆ. ಆದ್ರೂ ಎಲ್ಲಾರೂ ಎರಡೆರಡು ಸಲ ಹಾಕಿಸ್ಕೋತಾರೆ. ನಾನು ಮೂಲೇಲಿ ಕೂರ್ತೀನಿ. ಗಿಣಿ ಪಂಜರದ ಹತ್ರ. ಆ ಗಿಣಿಗೆ ತುರ್ಕಿ ವ್ಯಾಪಾರಿ ಬೈಗುಳ ಕಲಿಸಿಬಿಟ್ಟಿದಾನೆ, ಪಾದ್ರಿ ಬಂದಾಗ ಪಾಲ್ಮಿರಾ ಪಂಜರದ ಮೇಲೆ ಲಂಗ ಹೊದಿಸ್ತಾಳೆ...” ಸರಪಳಿ ಬಂತು. ನಿಕಾನೋರ್ ತಲೆ ಕಿತ್ತುಕೊಂಡು ಕಲ್ಲಿನ ಮೇಲೆ ಹತ್ತಿದ. ಇನ್ನು ಕೇಳಿಸುವುದಿಲ್ಲ ಎಂದು ಗೊತ್ತಿದ್ದರೂ ಕಾಸಿಯಾನೊ ನಿಲ್ಲಿಸಲಿಲ್ಲ. ಗಿಣಿಯ ವಿಷಯ ಮುಗಿಸಿದ, ಪಕ್ಕದ ಕೋಣೆಯ ಕೆಮ್ಮಿನ ವಿಷಯ ಹೇಳಿದ, ಭಾನುವಾರ ಮಧ್ಯಾಹ್ನಗಳಲ್ಲಿ ಏನು ಮಾಡಬೇಕೆಂದು ತೋಚದೆ ರೈಲು ನಿಲ್ದಾಣಕ್ಕೆ ಹೋಗಿ ಇಳಿಯುವವರನ್ನು ನೋಡುವ ವಿಷಯ ಹೇಳಿದ. ಇದನ್ನೆಲ್ಲ ಅವನು ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳಿದಂತಾಗಲಿಲ್ಲ. ಕಲ್ಲು ನರಳಿ ಮೇಲೆದ್ದಿತು. ಕಾಲಿಗೆ ರಕ್ತ ನುಗ್ಗಿದಾಗ ಅವನು ಕಿರುಚಿಕೊಂಡ.

ಮತ್ತೆ ತಾಮ್ರ ತಾಮ್ರಕ್ಕೆ ಒತ್ತಿತು. “ಹೋಗು ಮೇಲಕ್ಕೆ. ಕಲ್ಲು ನಾನು ಕೂರಿಸ್ತೀನಿ.”

“ನೀನಾ? ಬಾ ಸುಮ್ನೆ. ನಾಳೆ ನೋಡ್ಕೊಂಡ್ರಾಯ್ತು.”

“ಗಾಳಿ ಎದ್ರೆ ಇದು ತೂಗಾಡಿ ಗೋಡೆಗೇ ಬಡಿಯತ್ತೆ. ಇಷ್ಟು ದಿನ ಕಟ್ಟಿದ್ದೆಲ್ಲ ಬಿಚ್ಚಿಹೋಗತ್ತೆ. ಹೋಗು.”

“ನಿನ್ನ ಹಗ್ಗ ಯಾರು ಹಿಡ್ಕೊಂಡಿದಾರೆ?”

“ಅಕೀಲೆಸ್.” “ಅವರಿಗೆ ಬರಲ್ಲ. ನೀನು ಹೋಗಿ ಹಿಡ್ಕೋ.”

ಮೇಲೆ ಅವನ ಗಾಜು ಬಿಚ್ಚಿದರು, ತಲೆ ಬಿಚ್ಚಿದರು, ಬೂಟನ್ನು ಚಾಕುವಿನಲ್ಲಿ ಕತ್ತರಿಸಿ ತೆಗೆದರು. ಪಾದ ಬೇರೆ ದಿಕ್ಕಿಗೆ ನೋಡುತ್ತಿತ್ತು. ಸುನೀನೊ ಅದನ್ನು ನೋಡಿ ಮುಖ ತಿರುಗಿಸಿದ. ಯಾರೂ ಏನೂ ತಮಾಷೆ ಮಾಡಲಿಲ್ಲ. “ದೋಣಿ ತನ್ನಿ, ಇವನನ್ನ ಆಸ್ಪತ್ರೆಗೆ ಸಾಗಿಸಿ,” ಎಂದರು ಅಕೀಲೆಸ್. ಕಾಸಿಯಾನೊ ತೆವಳಿಕೊಂಡೇ ಬಾರ್ಜಿನ ಅಂಚಿಗೆ ಹೋಗಿ, “ಹಗ್ಗ ಕೊಡಿ,” ಎಂದ. “ನಿನಗೇನು ತಲೆ ಕೆಟ್ಟಿದ್ಯಾ, ಮೊದಲು ಕಾಲು—” “ಕೊಡಿ ದೋನ್ ಅಕೀಲೆಸ್. ಅವನೇ ಹೇಳಿ ಕಳಿಸಿದಾನೆ.” ಮೇಸ್ತ್ರಿ ಅವನ ಮುಖ ನೋಡಿ ಹಗ್ಗ ಕೊಟ್ಟರು. ಒದ್ದೆ ಹಗ್ಗ ಅಂಗೈಗೆ ಬಂದಾಗ ಅದರಲ್ಲಿ ಜೀವವಿತ್ತು, ಗಾಳ ಕಚ್ಚಿದ ಮೀನಿನ ಜೀವದಂತೆ ಸಣ್ಣ ನಡುಕ. ಗಾಳಿ ಎದ್ದಿತ್ತು. ಬಾರ್ಜು ಏರಿ ಇಳಿಯುತ್ತಿತ್ತು. ಎರಡು ಜಗ್ಗು ಬಂತು. ಅವನು ಕೂಗಿ ಹೇಳಿದ. ಸುನೀನೊ ಸರಪಳಿಯನ್ನು ಬೆರಳಷ್ಟು ಬಿಟ್ಟ. ಮತ್ತೆ ಬೆರಳಷ್ಟು. ಕೊನೆಗೆ ಮೂರು ಜಗ್ಗು. ಕಲ್ಲು ಕೂತಿತು. ಸರಪಳಿ ಖಾಲಿಯಾಗಿ ಮೇಲೆ ಬಂದಾಗ ಪಂಪಿನವರೂ ತಿರುಗಿಸುತ್ತಲೇ ನಕ್ಕರು.

ಆದರೆ ನಾಲ್ಕು ಬರಲಿಲ್ಲ. ಕಾಸಿಯಾನೊ ಒಮ್ಮೆ ಜಗ್ಗಿ ಕೇಳಿದ. ಉತ್ತರವಿಲ್ಲ.

“ಎಳೀರಿ ಅವನನ್ನ,” ಎಂದರು ಅಕೀಲೆಸ್.

“ತಾಳಿ.”

“ಏನು ತಾಳೋದು? ಆವತ್ತಿನ ಹಾಗೇ ಆದ್ರೆ?” ಸುನೀನೊ ಕ್ರೇನಿನಿಂದ ಇಳಿದು ಓಡಿ ಬಂದ. “ಹಿಡಿ ಕೈ, ಎಳೆಯೋಣ.”

“ಮುಟ್ಟಬೇಡ,” ಎಂದ ಕಾಸಿಯಾನೊ. ಸುನೀನೊ ನಿಂತ.

ಹಗ್ಗ ಸತ್ತಿರಲಿಲ್ಲ. ಅದು ಹೋಗುತ್ತಿತ್ತು. ನೇರ ಕೆಳಕ್ಕಲ್ಲ, ಪಕ್ಕಕ್ಕೆ, ದಡದ ಕಡೆಗೆ, ಗೋಡೆಯ ಉದ್ದಕ್ಕೂ. ತುಸು ಹೋಗಿ ನಿಲ್ಲುತ್ತಿತ್ತು, ಮತ್ತೆ ಹೋಗುತ್ತಿತ್ತು. ಉಸಿರುಗಟ್ಟಿದವನು ಹೀಗೆ ನಡೆಯುವುದಿಲ್ಲ. ಆದರೂ ಎಳೆದರೆ ತಾನು ಸುರಕ್ಷಿತ. ಯಾರೂ ಏನೂ ಅನ್ನುವಂತಿಲ್ಲ. ಎಳೆಯದೆ ಅವನಿಗೇನಾದರೂ ಆದರೆ ಈ ಸಲ ಕಡಲಕಾಗೆಯ ನೆಪವೂ ಇಲ್ಲ. ಮೇಲೆ ಕೂತವನಿಗೆ ಹೀಗಿರುತ್ತದೆಯೇ, ದಿನವಿಡೀ, ವರ್ಷವಿಡೀ? ಅವನು ಒಂದೊಂದೇ ಮಾರು ಹಗ್ಗ ಬಿಟ್ಟುಕೊಟ್ಟ. ಹಗ್ಗ ಬಹಳ ದೂರದಲ್ಲಿ ನಿಂತಿತು. ಅಲ್ಲೇ ಸುಮಾರು ಹೊತ್ತು ಇತ್ತು. ಕಾಸಿಯಾನೊ ಮತ್ತೊಮ್ಮೆ ಮೆಲ್ಲಗೆ ಕೇಳಿದ. ಅವಸರವಿಲ್ಲದ ಒಂದು ಜಗ್ಗು ಬಂತು. ಕ್ಷೇಮ. ಆಮೇಲೆ ಹಗ್ಗ ಹೋದ ದಾರಿಯಲ್ಲೇ ಹಿಂತಿರುಗಿತು, ನಾಲ್ಕು ಜಗ್ಗುಗಳು ಒಂದರ ಹಿಂದೊಂದು ಸಮಾಧಾನವಾಗಿ ಬಂದವು, ಎಲ್ಲರೂ ಸೇರಿ ಎಳೆದರು.

ಗಾಜು ಬಿಚ್ಚಿದಾಗ ನಿಕಾನೋರನ ಮುಖ ಬೆವರಿ ತೊಯ್ದಿತ್ತು. ತುಟಿ ಬಿಳಿಚಿತ್ತು, ನೀಲಿಯಾಗಿರಲಿಲ್ಲ. ಅಕೀಲೆಸ್ ಬೈಯಲು ಬಾಯಿ ತೆರೆದರು, ಬೈಗುಳ ಸಿಗದೆ ಬಾಟಲಿಯ ಬಿರಡೆ ತೆಗೆದು ಅವನ ಬಾಯಿಗೆ ಹಿಡಿದರು. ಅವನು ಒಂದು ಗುಟುಕು ಕುಡಿದು, ಹಲಗೆಯ ಮೇಲೆ ಬಿದ್ದಿದ್ದ ಕಾಸಿಯಾನೊನ ಕಡೆ ನೋಡಿದ.

“ಎಲ್ಲಿಗೆ ಹೋಗಿದ್ಯೋ?” ಎಂದ ಕಾಸಿಯಾನೊ.

“ಗೋಡೆ ನೋಡೋಕೆ.”

“ಆ ಕತ್ತಲೇಲಿ ಏನು ಕಾಣತ್ತೆ?”

“ಕಣ್ಣಲ್ಲಿ ಯಾರು ನೋಡಿದ್ರು? ಕೈಯಲ್ಲಿ ನೋಡ್ದೆ.” ನಿಕಾನೋರ್ ತನ್ನ ಸುಕ್ಕುಗಟ್ಟಿದ ಬೆರಳುಗಳನ್ನು ಬಿಡಿಸಿ ಮುಚ್ಚಿದ. “ನಾನು ಬಿಟ್ಟ ಕಲ್ಲಿನ ತನಕ ಹೋಗಿ ಮುಟ್ಟಿ ಬಂದೆ. ಅಲ್ಲಿಂದ ಈಚೆಗೆಲ್ಲ ನಿಂದು.” ಬಾಟಲಿಯನ್ನು ಕಾಸಿಯಾನೊನ ಕೈಗೆ ದಾಟಿಸಿದ. “ಚೆನ್ನಾಗಿ ಕಟ್ಟಿದೀಯ. ಒಂದು ಸಂದೀಲೂ ಬೆರಳು ತೂರಲಿಲ್ಲ.”

ಅಷ್ಟರಲ್ಲಿ ಪಂಪಿನವರು, ಸರಪಳಿಯವರು ನಿಕಾನೋರನನ್ನು ಸುತ್ತಿಕೊಂಡು ಅವನ ಸೀಸ ಬಿಚ್ಚತೊಡಗಿದರು. ಕಾಸಿಯಾನೊನನ್ನು ಹಾಯಿಬಟ್ಟೆಯಲ್ಲಿ ಸುತ್ತಿ ದೋಣಿಗಿಳಿಸಿದರು. ಸುನೀನೊ ಹುಟ್ಟು ಹಾಕಿದ. ಆ ಕಾಲಿನಲ್ಲಿ ಅವನು ಇನ್ನೆಂದೂ ಸೀಸದ ಬೂಟು ತೊಡುವುದಿಲ್ಲ ಎಂಬುದು ದೋಣಿಯಲ್ಲಿದ್ದ ಇಬ್ಬರಿಗೂ ತಿಳಿದಿತ್ತು. ಕಲ್ಲುಕಟ್ಟೆ ಪಕ್ಕದಲ್ಲಿ ಉದ್ದಕ್ಕೆ ಸರಿಯುತ್ತ ಹೋಯಿತು. ನೀರಿನ ಮೇಲೆ ಕಾಣುವ ನಾಲ್ಕು ಸಾಲು ಕಲ್ಲು, ಮೀನುಗಾರರು ಬಲೆ ಒಣಗಿಸುವ, ಭಾನುವಾರ ಛತ್ರಿಗಳು ನಡೆದಾಡುವ ಭಾಗ. ಅದರ ಬುಡಕ್ಕೆ ಅಲೆ ಬಡಿದು ಬಿಳಿಯಾಗಿ ಒಡೆಯುತ್ತಿತ್ತು. ಕಾಸಿಯಾನೊ ಅದರ ಕೆಳಗೆ, ಬೆರಳು ತೂರದ ತನ್ನ ಗೋಡೆ ಇರುವ ಕಡೆ ನೋಡುತ್ತಿದ್ದ.

“ಯಾಕೋ ಅಳ್ತಿದೀಯ? ತುಂಬ ನೋಯ್ತಿದ್ಯಾ?” ಎಂದ ಸುನೀನೊ.

“ಹೂಂ,” ಎಂದ ಕಾಸಿಯಾನೊ. “ಕಾಲು ನೋಯ್ತಿದೆ.”